ಪಸಂದಿಗೆ ಒಯ್ದದ್ದು

ಹದಿಮೂರು ದಿನ ಮನೆ ತುಂಬಿದ್ದ ಮಂದಿ ಹಿಂದಿನ ಸಂಜೆ ಗದಗಿನ ಬಸ್ಸು ಹಿಡಿದು ಹೋಗಿಬಿಟ್ಟಿದ್ದರಿಂದ, ಹದಿನಾಲ್ಕನೆಯ ದಿನದ ಬೆಳಗು ರೋಣದ ಬೇರೆಲ್ಲ ಬೆಳಗುಗಳಂತೆಯೇ ಆಯಿತು. ಬಾಗಿಲಲ್ಲಿ ಹಾಲಿನ ಮಾನವ್ವ ಪಾತ್ರೆಯನ್ನೇ ನೋಡುತ್ತ, 'ಎಷ್ಟ ಹಾಕ್ಲಿ ಬಾಯಾರ?' ಎಂದಳು. ಅರ್ಚನಾಳ ಬಾಯಿ ತಾನಾಗಿಯೇ ಒಂದು ಲೀಟರ್ ಎಂದಿತು, ಆಮೇಲೆ ಮುಕ್ಕಾಲು ಎಂದು ತಿದ್ದಿಕೊಂಡಿತು. ಗಂಡ ಜಯಂತನ ಸಕ್ಕರೆಯಿಲ್ಲದ ಚಹಾಕ್ಕೂ ಊಟದ ಮೊಸರಿಗೂ ಸೇರಿ ಕಾಲು ಲೀಟರ್. ಮೂವತ್ನಾಲ್ಕು ವರ್ಷದ ಮನುಷ್ಯ ಹೋದರೆ ಮನೆಯಲ್ಲಿ ಕಾಲು ಲೀಟರ್ ಕಡಿಮೆಯಾಗುತ್ತದೆ ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಏನಾದರೂ ಅನಿಸುತ್ತದೆಯೋ ಎಂದು ಸ್ವಲ್ಪ ಹೊತ್ತು ಕಾದಳು. ಅನಿಸಲಿಲ್ಲ. ಹದಿಮೂರು ದಿನವೂ ಹೀಗೇ. ಬಂದವರೆಲ್ಲ ಅತ್ತರು, ಆದರೆ ಯಾರಿಗೂ ಆಶ್ಚರ್ಯವಾಗಿರಲಿಲ್ಲ. 'ಮೊದಲಿಂದ ಎದಿ ವೀಕ್ ಇತ್ತಲ್ಲ, ಪಾಪ' ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಸಾರು ಇನ್ನಷ್ಟು ಹಾಕಿಸಿಕೊಂಡರು. ಜಯಂತನ ಎದೆ ವೀಕ್ ಎಂಬುದು ಇಡೀ ರೋಣಕ್ಕೆ ಗೊತ್ತಿತ್ತು. ಗೊತ್ತಿಲ್ಲದವಳು ಅರ್ಚನಾ ಒಬ್ಬಳೇ, ಏಕೆಂದರೆ ಆ ಸುದ್ದಿಯನ್ನು ಹುಟ್ಟಿಸಿದವಳು ಅವಳೇ.

ಹಾಲು ಉಕ್ಕುವ ಹೊತ್ತಿಗೆ ಜಯಂತನ ಮೊಬೈಲು ರಿಂಗಾಯಿತು. ದಿನಾಲೂ ಅದಕ್ಕೆ ಚಾರ್ಜು ಹಾಕುತ್ತಿದ್ದಳು, ಏಕೆಂದು ಗೊತ್ತಿಲ್ಲ. ತೆರೆಯ ಮೇಲೆ ಅವನೇ ಬರೆದುಕೊಂಡ ಹೆಸರು: 'ಎದಿ ದವಾಖಾನಿ'.

'ಸರ್ ಅದಾರೇನ್ರಿ?'

'ಇಲ್ಲ.'

'ಹೊರಗ ಹೋಗ್ಯಾರೇನ್ರಿ?'

'ಹೂಂ.'

'ನಾ ಶೈಲಶ್ರೀ ರೀ, ನರಗುಂದದ ಸೆಂಟರಿಂದ. ಸರ್ ಪಸಂದಿಗೆ ಒಯ್ದದ್ದು ತಿಂಗಳ ಮ್ಯಾಲಾತ್ರಿ. ನಮ್ಮ ಕಡೆ ಇರೋದ ಒಂದು. ಇನ್ನೊಬ್ರು ಪಾಳಿ ಹಚ್ಚಿ ಕುಂತಾರ. ಪಸಂದ ಬರ್ಲಿ ಬಿಡ್ಲಿ, ಇವತ್ತು ನಾಕರೊಳಗ ತಂದು ಮುಟ್ಟಸಾಕ ಹೇಳ್ರಿ. ನಾಳೆ ನಾ ಇರಂಗಿಲ್ಲ.'

ಗಜೇಂದ್ರಗಡದ ಕಡೆ ಸೀರೆ ಕೊಳ್ಳುವ ರೀತಿಯೇ ಹಾಗೆ. ನೇಕಾರರ ಮನೆಯಿಂದ ನಾಲ್ಕಾರು ಸೀರೆ ಗಂಟು ಕಟ್ಟಿಸಿಕೊಂಡು ಪಸಂದಿಗೆಂದು ಮನೆಗೆ ಒಯ್ಯುವುದು, ಹೆಂಗಸರು ಬೆಳಕಿಗೆ ಹಿಡಿದು, ಹೆಗಲಿಗೆ ಹಾಕಿ ನೋಡಿ, ಮನಸ್ಸಿಗೆ ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ತಿರುಗಿ ಕಳಿಸುವುದು. ಶೈಲಶ್ರೀ ಅಲ್ಲಿಯ ನೇಕಾರರ ಮಗಳು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದು ನರಗುಂದದಲ್ಲಿ ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು ಗುರುವಾರಕ್ಕೊಮ್ಮೆ ಡಾಕ್ಟರನ್ನು ಕಳಿಸತೊಡಗಿದಾಗ, ಬಂದವರಿಗೆ ತಿಳಿಸಿ ಹೇಳುವ ಕೆಲಸಕ್ಕೆ ಸೇರಿದವಳು ತನ್ನ ಮನೆಯ ಪದ್ಧತಿಯನ್ನೂ ಅಲ್ಲಿಗೆ ಒಯ್ದಿದ್ದಳು. ಅವಳು ಜಯಂತನಿಗೆ ಪಸಂದಿಗೆ ಕೊಟ್ಟದ್ದು ಗಂಡಸಿನ ಅಂಗದೊಳಗೆ ಆಪರೇಷನ್ ಮಾಡಿ ಕೂಡಿಸುವ ಸಲಕರಣೆಯ ಮಾದರಿ: ಎರಡು ಮೆತ್ತನೆಯ ಕೋಲು, ನೀರು ತುಂಬಿದ ಒಂದು ಚೀಲ, ನಡುವೆ ಬೆರಳಿನಿಂದ ಒತ್ತುವ ಪುಟ್ಟ ಪಂಪು. ಹತ್ತೊಂಬತ್ತನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ ಇದ್ದ ಜಯಂತನಿಗೆ, ಮದುವೆಯಾದ ಎರಡನೆಯ ವರ್ಷಕ್ಕೆ ಗುಳಿಗೆಗಳೂ ಕೈಕೊಟ್ಟಿದ್ದವು. ಉಳಿದದ್ದು ಇದೊಂದೇ. 'ಸೀರಿ ಕೊಟ್ಟಂಗ ಕೊಟ್ಲು ನೋಡು. ಮನಿಗೆ ಒಯ್ದು ಬಾಯಾರಿಗೆ ತೋರಸ್ರಿ, ಅವರ ಪಸಂದನ ಪಸಂದ ಅಂದ್ಲು' ಎಂದು ಅವನು ನಗಲು ನೋಡಿದ್ದ. ನೀಲಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದು, 'ನೋಡ್ತಿ ಏನು?' ಎಂದಿದ್ದ. 'ಆಮ್ಯಾಲ ನೋಡ್ತೀನಿ' ಎಂದು ಅವಳು ಕುಕ್ಕರಿನ ಕಡೆ ಹೋಗಿದ್ದಳು. ಆಮೇಲೆ ಅವನು ಇಪ್ಪತ್ತು ದಿನ ಬದುಕಿದ್ದ.

ಕಪಾಟಿನಲ್ಲಿ, ಅವನ ಅಂಗಿಗಳ ಕೆಳಗೆ, ಪೆಟ್ಟಿಗೆ ಇರಲಿಲ್ಲ.

ಅತ್ತೆ ಇಂದಿರಾಬಾಯಿ ದೇವರ ಕೋಣೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. 'ಅತ್ಯಾ, ಕಪಾಟಿನ್ಯಾಗ ಒಂದು ನೀಲಿ ಪೆಟ್ಟಿಗಿ ಇತ್ತು' ಎಂದಳು ಅರ್ಚನಾ.

'ಅವನ ಎದಿ ಪಂಪೇನು? ನಿನ್ನೆ ದಾನ ಕೊಟ್ಟೆ.'

'ದಾನ ಕೊಟ್ರಿ?'

'ಮತ್ತ? ತಲಿಗೆ ಛತ್ರಿ ಕೊಟ್ವಿ. ಕಾಲಿಗೆ ಚಪ್ಪಲಿ ಕೊಟ್ವಿ. ಎದಿಗೆ? ವರ್ಷಗಟ್ಲೆ ನಡೀಬೇಕಂತ ಆ ದಾರಿ. ಇಲ್ಲಿ ಅಂತೂ ಹಾಕಿಸ್ಕೊಳ್ಳಿಕ್ಕೆ ಆಗಲಿಲ್ಲ ನನ್ನ ಕೂಸಿಗೆ. ಅಲ್ಲೆರೆ ಉಪಯೋಗ ಆಗ್ಲಿ.'

ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. ಅರ್ಚನಾಳಿಗೆ ನೆನಪಾಯಿತು: ನಿನ್ನೆ ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಗ, ಹೊರಗಿನಿಂದ ವೇದವ್ಯಾಸಾಚಾರ್ಯರ ಧ್ವನಿ ಒಂದೊಂದೇ ದಾನವನ್ನು ಸಂಸ್ಕೃತದಲ್ಲಿ ಹೆಸರಿಸುತ್ತ ಹೋಗಿ, ಒಂದು ಕಡೆ ತಡವರಿಸಿ ನಿಂತು, ಕೆಮ್ಮಿ, 'ಇದಂ ಹೃದಯಯಂತ್ರಂ' ಎಂದಿತ್ತು. ಗರುಡ ಪುರಾಣದಲ್ಲಿ ಅದೂ ಇರಬಹುದು ಎಂದುಕೊಂಡಿದ್ದಳು. ಅಷ್ಟು ಹೊತ್ತಿಗೆ ಅವಳು ಏನು ಬೇಕಾದರೂ ಇರಬಹುದು ಎನ್ನುವ ಸ್ಥಿತಿಗೆ ಬಂದಿದ್ದಳು.

'ಅದು ನಮ್ಮದಲ್ಲ ಅತ್ಯಾ. ನೋಡ್ಲಿಕ್ಕಂತ ತಂದಿದ್ರು. ಈಗ ವಾಪಸ್ ಕೇಳ್ಲಿಕತ್ತಾರ.'

'ಸತ್ತವರ ಎದೀನೂ ವಾಪಸ್ ಕೇಳ್ತಾರ? ಇದಕ್ಕ ನಾ ಪ್ರೈವೇಟ ಬ್ಯಾಡ ಅಂದಿದ್ದು.' ಇಂದಿರಾಬಾಯಿ ಬತ್ತಿಯನ್ನು ಕೆಳಗಿಟ್ಟರು. ಸಿಟ್ಟು ಇಳಿದು ಮುಖದಲ್ಲಿ ಬೇರೊಂದು ಹೆದರಿಕೆ ಬಂತು. 'ಪರರ ವಸ್ತು ಹೊತಗೊಂಡು ಅಂವ ನಡೀಬಾರ್ದು. ಹೋಗು, ಆಚಾರ್ರ ಕಡಿಂದ ತಗೊಂಡು ಕೊಟ್ಟು ಬಾ. ಓಣ್ಯಾಗ ಯಾರರೆ ಕೇಳಿದ್ರ ದವಾಖಾನಿ ಕೆಲಸ ಅನ್ನು. ಅದೇನು ಸುಳ್ಳಲ್ಲ.'

ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿಯ ಬದಿ ಜಾಗ ಸಿಕ್ಕಿತು. ಸುಳ್ಳಲ್ಲ ಎಂಬ ಮಾತು ಕಡಲೆ ಹೊಲಗಳ ಜೊತೆ ಓಡುತ್ತಲೇ ಇತ್ತು. ಮೊದಲು ಜಯಂತ ಸರ್ಕಾರಿ ದವಾಖಾನೆಗೇ ಹೋಗಿದ್ದ. ತಹಸೀಲ್ದಾರ ಕಚೇರಿಯ ಗುಮಾಸ್ತನಾಗಿ ಸರ್ಕಾರದ ಮೇಲೆ ಅವನಿಗೆ ಒಂದು ಬಗೆಯ ಮನೆತನದ ಅಭಿಮಾನವಿತ್ತು. ಅಲ್ಲಿ ಕಂಪೌಂಡರ್ ಬಾಗಿಲಿಗೆ ಬಂದು, 'ಗಂಡಸ್ತನದ ಕೇಸ್ ಯಾರ್ದು? ಮುಂದ ಬರ್ರಿ' ಎಂದು ಕೂಗಿದನಂತೆ. ಬೆಂಚಿನ ಮೇಲಿದ್ದ ಏಳು ಗಂಡಸರೂ ತಲೆಯೆತ್ತಿ ಫ್ಯಾನು ನೋಡಿದರಂತೆ. ಕೊನೆಗೆ ಏಳು ಜನರೂ ಅದೇ ಕೇಸಿನವರೆಂದು ಗೊತ್ತಾಯಿತಂತೆ. ಒಳಗಿನ ಡಾಕ್ಟರು ಇವನ ಮುಖ ನೋಡಲಿಲ್ಲ. ಸಕ್ಕರೆ ಎಷ್ಟು ವರ್ಷದ್ದು ಎಂದು ಕೇಳಿ, ಚೀಟಿಯಲ್ಲಿ ಇಸಿಜಿ, ಎಕೋ, ಹೃದಯ ವಿಭಾಗ ಎಂದು ಬರೆದು, 'ಮೊದಲ ಎದಿ ತೋರಿಸ್ಕೊಂಡು ಬರ್ರಿ. ಕೆಳಗ ರಕ್ತ ಹೋಗವಲ್ದು ಅಂದ್ರ ಮ್ಯಾಲೂ ಹೋಗ್ಲಿಕ್ಕಿಲ್ಲ' ಎಂದು ಮುಂದಿನವನನ್ನು ಕರೆದರು. ಮನೆಗೆ ಬಂದವನ ಮುಖ ಕಪ್ಪಿಟ್ಟಿತ್ತು. 'ಕೇಳಿದ್ದು ಕೆಳಗಿಂದು, ತೋರಿಸಿದ್ದು ಮ್ಯಾಲಿಂದು. ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ದಬ್ಬೂದು. ನನಗ ಗೊತ್ತಿಲ್ಲೇನು, ನಾ ದಿನಾ ಅದನ್ನ ಮಾಡ್ತೀನಿ' ಎಂದಿದ್ದ. ನರಗುಂದದಲ್ಲಿ ಹಾಗಲ್ಲ. ಸೋಫಾ ಇತ್ತು, ಮಜ್ಜಿಗೆ ಕೊಟ್ಟರು, ಸರ್ ಎಂದರು, ಯಾರೂ ಆ ಅಂಗದ ಹೆಸರನ್ನು ಹೇಳದೆ ಒಂದು ತಾಸು ಅದರ ಬಗ್ಗೆಯೇ ಮಾತಾಡಿದರು. ಎದೆಯ ಪರೀಕ್ಷೆ ಎಂದು ಇವನು ಕೇಳಿದ್ದಕ್ಕೆ, ಅದೆಲ್ಲ ಆಪರೇಷನ್ನಿನ ಹಿಂದಿನ ದಿನ, ಪ್ಯಾಕೇಜಿನಲ್ಲೇ ಬರುತ್ತದೆ ಎಂದರು.

ಅರ್ಚನಾ ಧಾರವಾಡದಲ್ಲಿ ಎಂ.ಎ. ಮಾಡುವಾಗ ಉತ್ತರ ಕರ್ನಾಟಕದ ಸರ್ಕಾರಿ ಮತ್ತು ಖಾಸಗಿ ಆರೋಗ್ಯ ಸೇವೆಗಳ ಬಗ್ಗೆ ಎಂಬತ್ತು ಪುಟದ ಪ್ರಬಂಧ ಬರೆದಿದ್ದಳು. 'ನೀ ಇದರಾಗ ಶಾಣ್ಯಾಕಿ. ನೀನ ಹೇಳು, ಅಲ್ಲ್ಯೋ ಇಲ್ಲ್ಯೋ?' ಎಂದು ಅವನು ಕೇಳಿದ. ಅವಳು ಬಟ್ಟೆ ಮಡಚುತ್ತ, 'ಎರಡಕ್ಕೂ ಅದರದರ ಗುಣ ದೋಷ ಇರ್ತಾವ' ಎಂದಳು. ಪ್ರಬಂಧದ ಕೊನೆಯ ವಾಕ್ಯವೂ ಅದೇ ಆಗಿತ್ತು. ಅದಕ್ಕೆ ಗೈಡು ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು. ನಿಜವಾಗಿ ಅವನು ಕೇಳಿದ್ದು ಆಸ್ಪತ್ರೆಯ ಬಗ್ಗೆ ಅಲ್ಲ, ನಿನಗಿದು ಬೇಕೇ ಎಂದು. ಅದು ಅವಳಿಗೆ ಆಗಲೇ ತಿಳಿದಿತ್ತು. ಬೇಕು ಎಂದರೆ ಇಷ್ಟು ದಿನ ಇಲ್ಲದ್ದನ್ನು ಎತ್ತಿ ಆಡಿದಂತೆ, ಬೇಡ ಎಂದರೆ ಅವನನ್ನು ಬಿಟ್ಟುಕೊಟ್ಟಂತೆ. ಎರಡನ್ನೂ ಬಿಟ್ಟು ಅವಳು ಮಾಡಿದ ಒಂದೇ ಉಪಕಾರವೆಂದರೆ, ಸರ್ಕಾರಿ ಚೀಟಿಯನ್ನು ಕೈಗೆತ್ತಿಕೊಂಡು ಓದಿ, 'ಅತ್ಯಾಗ ಎದೀದು ಅಂತ ಹೇಳಿದ್ರಾತು. ಚೀಟೀನೂ ಅದ' ಎಂದದ್ದು. ಆ ಚೀಟಿಯನ್ನು ಅವರು ಇಂದಿರಾಬಾಯಿಗೆ ತೋರಿಸಿದರು, ಸಾಹೇಬರಿಗೆ ತೋರಿಸಿ ರಜೆ ಕೇಳಿದರು, ಎಲ್ಲರಿಗೂ ತೋರಿಸಿದರು. ಎದೆಯ ಡಾಕ್ಟರಿಗೆ ಮಾತ್ರ ತೋರಿಸಲಿಲ್ಲ.

ಜಯಂತ ಎದೆಗೆ ಪಂಪು ಕೂಡಿಸಿಕೊಳ್ಳುತ್ತಾನಂತೆ ಎಂದು ಸುದ್ದಿಯಾಗಿ, ಎಲ್ಲಿ ಕೂಡಿಸಬೇಕೆಂಬುದರ ಮೇಲೆ ಊರೇ ಎರಡು ಪಕ್ಷವಾಯಿತು. ಕಚೇರಿಯ ಜವಾನ ಕಾಶೀಂಸಾಬ ಸರ್ಕಾರಿ ಪಕ್ಷ. 'ಅಲ್ಲಿ ಕೂಡ್ಸಿದ್ದು ಗಟ್ಟಿ ಇರತೈತ್ರಿ ಸಾಹೇಬ್ರ. ನಮ್ಮ ಮಾವಗ ಕೂಡ್ಸಿ ಹನ್ನೆರಡು ವರ್ಸ ಆತು, ಈಗೂ ಗುಡ್ಡ ಏರ್ತಾನ. ಎಪ್ಪತ್ತರಾಗ ಇನ್ನೊಂದು ಲಗ್ನ ಅಂತ ಕುಂತಾನ' ಎಂದನಂತೆ. ಜಯಂತ ಗಂಭೀರವಾಗಿ, 'ಯಾವ ಕಂಪನೀದಪಾ?' ಎಂದು ಕೇಳಿದ್ದ. ಪಕ್ಕದ ಮನೆಯ ನಿವೃತ್ತ ಮಾಸ್ತರರು ಖಾಸಗಿ ಪಕ್ಷ. 'ತಮ್ಮಾ, ಸರ್ಕಾರಿ ಮಾಲು ನಂಬಬ್ಯಾಡ. ವ್ಯಾಳ್ಯಾಕ್ಕ ಸರಿಯಾಗಿ ಕುಸೀತದ' ಎಂದು ಕೈ ಹಿಡಿದು ಹೇಳಿದ್ದರು. ಇವನ್ನೆಲ್ಲ ಅವನು ಹಾಸಿಗೆಯಲ್ಲಿ ಮಲಗಿ ಅವರವರ ಧ್ವನಿಯಲ್ಲೇ ಆಡಿ ತೋರಿಸಿದಾಗ, ಅತ್ತೆಗೆ ಕೇಳಬಾರದೆಂದು ಇಬ್ಬರೂ ಒಂದೇ ದಿಂಬನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು. ನಾಲ್ಕು ವರ್ಷದ ಸಂಸಾರದಲ್ಲಿ ಅಷ್ಟು ಹತ್ತಿರ ಅವರು ಬಂದದ್ದೇ ಇಲ್ಲ. ಇರಲಿ ಬಿಡ್ರಿ, ಹಿಂಗ ಚಲೋ ಅದ ಎಂದು ಆಗ ಹೇಳಬಹುದಾಗಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.

ವೇದವ್ಯಾಸಾಚಾರ್ಯರ ಮನೆ ಗಜೇಂದ್ರಗಡದಲ್ಲಿ, ಮಗ್ಗಗಳ ಸದ್ದು ಕೇಳುವ ಓಣಿಯೊಳಗೆ. ಪಡಸಾಲೆಯ ಮೂಲೆಯಲ್ಲಿ ಬೇರೆ ಬೇರೆ ಸಾವುಗಳ ಛತ್ರಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಜಯಂತನ ಹೆಸರಿನದು ಯಾವುದೆಂದು ಅವಳಿಗೆ ಗುರುತು ಸಿಗಲಿಲ್ಲ.

'ಬಾರವಾ' ಎಂದ ಆಚಾರ್ಯರು, ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನೀಲಿ ಪೆಟ್ಟಿಗೆಯನ್ನು ತಂದು ನಡುವೆ ಇಟ್ಟರು. 'ಇದಕ್ಕ ಬಂದಿ ಹೌದಲ್ಲ? ನಲವತ್ತು ವರ್ಷ ಆತು ನಾ ದಾನ ಹಿಡೀಲಿಕ್ಕೆ ಹತ್ತಿ. ಹಾಸಿಗಿ ಹಿಡಿದೀನಿ, ಆಕಳ ಹಿಡಿದೀನಿ, ಒಮ್ಮೆ ಟೀವಿನೂ ಹಿಡಿದೀನಿ. ಎದಿ ಹಿಡಿದಿರ್ಲಿಲ್ಲ. ಮನಿಗೆ ತಂದು ನೋಡ್ತೀನಿ, ಎದಿಗೆ ಎರಡು ಕೋಲು ಯಾಕ ಅಂತ ತಿಳೀವಲ್ದು. ಸಂಧ್ಯಾವಂದನಿ ಮುಗಿಸಿ ಆ ಬುಡ್ಡಿ ಒತ್ತಿದೆ.' ಅವರು ಸ್ವಲ್ಪ ಹೊತ್ತು ಛತ್ರಿಗಳ ಕಡೆ ನೋಡಿದರು. 'ಆಮ್ಯಾಲ ತಿಳೀತು.'

ಅರ್ಚನಾ ನೆಲ ನೋಡಿದಳು. ನಾಚಿಕೆಯಾಗಬೇಕಾದ ಜಾಗ ಇದು ಎಂದು ಗೊತ್ತಾಯಿತು, ಅಷ್ಟೇ.

'ಅದು ಅವರದಲ್ರಿ ಆಚಾರ್ರ. ಎರವಲು ತಂದದ್ದು.'

'ಹಂಗೇನು?' ಆಚಾರ್ಯರಿಗೆ ಜೀವ ಬಂತು. 'ಹಂಗಾದ್ರ ಚಿಂತೀನ ಇಲ್ಲ. ತನ್ನದಲ್ಲದ್ದನ್ನ ದಾನ ಮಾಡ್ಲಿಕ್ಕೆ ಬರೂದಿಲ್ಲ. ಮಾಡಿದ್ರೂ ಅದು ಮುಟ್ಟೂದಿಲ್ಲ. ನಾ ಹಿಡಿದೇ ಇಲ್ಲ, ನೀವು ಕೊಟ್ಟೇ ಇಲ್ಲ. ನಿನ್ನೆ ರಾತ್ರಿಯೆಲ್ಲ ನಾ ಅದನ್ನ ವಿಚಾರ ಮಾಡ್ಲಿಕತ್ತಿದ್ದೆ, ಪಾಪ, ಆ ದಾರ್ಯಾಗ ಇದನ್ನ ಇಟಗೊಂಡು ಅಂವ ಏನು ಮಾಡ್ಯಾನು ಅಂತ.' ಪೆಟ್ಟಿಗೆಯನ್ನು ಅವಳ ಕಡೆ ಸರಿಸಿ, ಕೈ ಅದರ ಮೇಲೆಯೇ ಇಟ್ಟುಕೊಂಡರು. 'ತಳದಾಗ ಒಂದು ಚೀಟಿ ಅದ. ನನ್ನ ಕಣ್ಣಿಗೆ ಬಿತ್ತು, ಓದಿದೆ. ಎದಿ ಪರೀಕ್ಷಾ ಮಾಡಿಸ್ರಿ ಅಂತ ಬರದಾರ. ಎರಡು ತಿಂಗಳ ಹಿಂದಿನ ತಾರೀಖು. ಮಾಡಿಸಿದ್ರೇನು?'

ಇಡೀ ರೋಣ ಓದಿದ ಚೀಟಿ ಅದು. ಈ ಪ್ರಶ್ನೆ ಕೇಳಿದವರು ಇವರೊಬ್ಬರೇ.

'ಇಲ್ರಿ' ಎಂದಳು.

ಆಚಾರ್ಯರು ಕೈ ತೆಗೆದರು. 'ನಿಮ್ಮ ಅತ್ತಿಗೆ ನಾ ಏನೂ ಹೇಳೂದಿಲ್ಲ' ಎಂದರು. ಯಾವುದರ ಬಗ್ಗೆ ಎಂದು ಅವಳು ಕೇಳಲಿಲ್ಲ.

ತಿರುಗಿ ರೋಣ, ಅಲ್ಲಿಂದ ನರಗುಂದದ ಬಸ್ಸು. ಪೆಟ್ಟಿಗೆ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಮುದುಕಿ, 'ಸ್ವೀಟ ಏನವ್ವಾ?' ಎಂದಳು. ಅಲ್ಲ ಎಂದಳು ಅರ್ಚನಾ. ಕಿಟಕಿಯ ಗಾಜಿನಲ್ಲಿ ಕುಂಕುಮವಿಲ್ಲದ ತನ್ನ ಹಣೆ ಕಂಡು, ಒಂದು ಕ್ಷಣ ಬೇರೆ ಯಾರೋ ಎಂದುಕೊಂಡು ಜಾಗ ಬಿಡಲು ಸರಿದಳು. ಅವನು ಹೋಗುವ ಹಿಂದಿನ ದಿನ, ಗುರುವಾರ ಸಂಜೆ, ಅವಳು ಮೊರದಲ್ಲಿ ಕಡಲೆ ಆರಿಸುತ್ತ ಕೂತಿದ್ದಳು. ಇಂದಿರಾಬಾಯಿ ಎದುರಿಗಿದ್ದರು. ಆಪರೇಷನ್ನಿಗೆಂದು ಹುಬ್ಬಳ್ಳಿಗೆ ಹೋಗುವ ಮಾತನ್ನು ಅವರ ಮುಂದೆ ತೆಗೆಯಬೇಕೆಂದು ಗಂಡಹೆಂಡತಿ ಹಿಂದಿನ ದಿನವೇ ಮಾತಾಡಿಕೊಂಡಿದ್ದರು. ಜಯಂತ ಕಚೇರಿಯಿಂದ ಬಂದು, ಕಂಬ ಹಿಡಿದು ನಿಂತು, 'ಅವ್ವಾ, ಯಾಕೋ ಎದಿ ಹಿಂಡಿದಂಗ ಆಗ್ಲಿಕತ್ತದ' ಎಂದ. ಚೆನ್ನಾಗಿ ಶುರು ಮಾಡಿದ ಎಂದುಕೊಂಡಳು. ಅತ್ತೆ ನೀರು ತರಲು ಎದ್ದಾಗ ಅವಳು ಮೊರದಿಂದ ಮುಖವೆತ್ತಿ, ನಗುತ್ತ, ಅವನಿಗಷ್ಟೇ ಕೇಳುವಂತೆ, 'ಎಡಗೈ ಹಿಡಕೊಳ್ರಿ. ಖರೇ ಅನಸ್ತದ' ಎಂದಳು. ಅವನು ಅವಳನ್ನು ನೋಡಿದ. ನಕ್ಕನೋ ಇಲ್ಲವೋ ಎಂಬುದನ್ನು ಹದಿಮೂರು ದಿನ ಯೋಚಿಸಿದ್ದಾಳೆ. ಮಾತು ಕೇಳಿದ ಹುಡುಗನಂತೆ ಅವನು ಎಡಗೈ ಹಿಡಿದುಕೊಂಡ. ಬಹಳ ಚೆನ್ನಾಗಿ ಹಿಡಿದುಕೊಂಡ. ರಾತ್ರಿ ಊಟ ಬೇಡವೆಂದಾಗಲೂ ಅವಳು ಅದನ್ನು ಆಟದ ಮುಂದುವರಿಕೆ ಎಂದೇ ತಿಳಿದು ಮೊಸರನ್ನ ಮುಚ್ಚಿಟ್ಟಳು. ಬೆಳಿಗ್ಗೆ ಎಬ್ಬಿಸಲು ಹೋದವಳು ಅವಳೇ. ಬಾಗಿಲಲ್ಲಿ ನಿಂತ ಅತ್ತೆಗೆ ಏನಾಯಿತೆಂದು ಹೇಳಬೇಕಾಗಲಿಲ್ಲ. ಅವರು ಒಂದೂವರೆ ತಿಂಗಳಿಂದ ತಯಾರಾಗಿದ್ದರು.

ನರಗುಂದದಲ್ಲಿ ಗೊಬ್ಬರದ ಅಂಗಡಿಯ ಬಾಗಿಲಿಗೆ 'ಯೂರಿಯಾ ಇಲ್ಲ' ಎಂಬ ಹಲಗೆ ತೂಗುತ್ತಿತ್ತು. ಅದರ ಮೇಲೆ, ಗುಲಾಬಿ ಬಣ್ಣದಲ್ಲಿ, 'ದಾಂಪತ್ಯ ಸೌಖ್ಯ'. ಮೆಟ್ಟಿಲು ಹತ್ತಿದಾಗ ಮೂರೂವರೆ. ಸೋಫಾದ ಮೇಲೆ ಒಬ್ಬ ಗಂಡಸು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ, ಪಾಳಿಯವನು ಇರಬೇಕು. ಶೈಲಶ್ರೀಗೆ ಇಪ್ಪತ್ತೈದರ ಒಳಗಿನ ವಯಸ್ಸು. ಅರ್ಚನಾಳ ಹಣೆಯನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡಿದಳು.

'ಬರ್ರಿ ಬಾಯಾರ, ಒಳಗ ಬರ್ರಿ. ನೀವ ಬಂದದ್ದು ಚಲೋ ಆತು. ಚೆಕ್ ಮಾಡಿ ತಗೋತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹಿಂದಕ ಒಬ್ರು ಲೀಕ್ ಮಾಡಿ ಕೊಟ್ಟಿದ್ರು.' ಬಾಗಿಲು ಸರಿಸಿ, ಮುಚ್ಚಳ ತೆಗೆದವಳು ಒಂದು ತುಳಸಿ ದಳವನ್ನೂ ನಾಲ್ಕು ಅಕ್ಷತೆ ಕಾಳನ್ನೂ ಆರಿಸಿ ಹೊರಗಿಟ್ಟಳು. 'ಪೂಜಿ ಮಾಡೀರೇನ್ರಿ ಇದನ್ನ?'

'ಹೂಂ. ಆಗ್ಯದ.'

ಶೈಲಶ್ರೀ ಎರಡು ಕೋಲನ್ನು ಅಂಗೈ ಮೇಲೆ ಹರಡಿಕೊಂಡು, ಇನ್ನೊಂದು ಕೈಯಿಂದ ಪಂಪು ಒತ್ತತೊಡಗಿದಳು. ಸೀರೆಯ ಸೆರಗು ಬಿಚ್ಚಿ ತೋರಿಸುವವರ ಕೈಗೆ ಇರುವ ಸಲೀಸು ಅವಳ ಕೈಗಿತ್ತು. ಚೀಲ ಸೊರಗಿತು, ಕೋಲುಗಳು ಮೆಲ್ಲಗೆ ತುಂಬಿಕೊಂಡು ನೆಟ್ಟಗಾದವು. ಅರ್ಚನಾ ನೋಡಿದಳು. ಅವಳು ಅಂಜಿದ್ದಕ್ಕಿಂತ ಅದು ಚಿಕ್ಕದಾಗಿತ್ತು, ಬಡಪಾಯಿಯಂತಿತ್ತು. ಇದನ್ನು ಎರಡೂ ಕೈಯಲ್ಲಿ ಹಿಡಿದು ಅವನು ಅಡಿಗೆಮನೆಯಲ್ಲಿ ನಿಂತಿದ್ದ.

'ಸರ್ ಏನಂತಾರ್ರಿ ಕಡೀಕ? ನಮ್ಮಲ್ಲೋ, ಸರ್ಕಾರಿದಾಗೋ?'

'ಎರಡೂ ಇಲ್ಲ. ಅವರಿಗೆ ಎದಿ ತ್ರಾಸ ಆತು.'

ಶೈಲಶ್ರೀ ಒತ್ತುತ್ತಲೇ ನಕ್ಕಳು. 'ಬಾಯಾರ, ಅದು ಮನಿ ಮಂದಿ ಮುಂದ ಹೇಳೂದ್ರಿ. ನಮ್ಮ ಮುಂದ ಯಾಕ? ಈ ರಿಜಿಸ್ಟರನ್ಯಾಗ ಇದ್ದಷ್ಟೂ ಮಂದಿಗೆ ಎದಿ ತ್ರಾಸನ.'

'ಖರೇನ ಎದಿ' ಎಂದಳು ಅರ್ಚನಾ. 'ಇವತ್ತಿಗೆ ಹದಿನಾಲ್ಕು ದಿನ ಆತು.'

ಈಗ ಶೈಲಶ್ರೀ ಅವಳ ಹಣೆ ನೋಡಿದಳು. ಒತ್ತುವ ಬೆರಳು ನಿಂತಿತು. ಕೋಲುಗಳು ಹಾಗೇ ನೆಟ್ಟಗೆ ನಿಂತಿದ್ದವು. ಅವನ್ನು ಇಳಿಸುವ ಗುಂಡಿಗಾಗಿ ಅವಳ ಬೆರಳು ತಡಕಾಡಿ, ಸಿಗದೆ, ಇನ್ನೊಮ್ಮೆ ಪಂಪನ್ನೇ ಒತ್ತಿತು. 'ನನಗ ಗೊತ್ತಿರ್ಲಿಲ್ರಿ ಅಕ್ಕಾರ' ಎಂದಳು. ಧ್ವನಿ ನೇಕಾರರ ಮನೆಯ ಹುಡುಗಿಯದಾಗಿತ್ತು. ಅರ್ಚನಾ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ಬುಡ್ಡಿಯ ಪಕ್ಕದಲ್ಲಿ ಗುಂಡಿ ಸಿಕ್ಕಿತು. ಒತ್ತಿ ಹಿಡಿದಳು. ಒಳಗಿನ ನೀರು ತಣ್ಣಗೆ, ಅವಸರವಿಲ್ಲದೆ, ಹಿಂದಕ್ಕೆ ಸರಿಯುವುದು ಬೆರಳಿಗೆ ತಿಳಿಯಿತು. ಕೋಲುಗಳು ಅಂಗೈಯಲ್ಲಿ ಬಾಗಿ ಮಲಗುವ ತನಕ ಅವಳು ಬೆರಳು ತೆಗೆಯಲಿಲ್ಲ.

ಪೆಟ್ಟಿಗೆಯಲ್ಲಿಟ್ಟು, ತಳದ ಚೀಟಿಯನ್ನು ಎಳೆದು ಮೇಲೆ ಇಟ್ಟಳು.

'ಇದು ನಮ್ದಲ್ರಿ' ಎಂದಳು ಶೈಲಶ್ರೀ.

'ಇದರ ಕೂಡ ಇರ್ಲಿ. ಹೊರಗ ಕುಂತಾರಲ್ಲ, ಅವರಿಗೆ ಮೊದಲ ಇದನ್ನ ಓದಸ್ರಿ. ಇದು ಸುಳ್ಳಲ್ಲ.'

ರಿಜಿಸ್ಟರಿನಲ್ಲಿ ಜಯಂತನ ಹೆಸರಿನ ಮುಂದೆ ಒಯ್ದ ತಾರೀಖು ಅವನ ಅಕ್ಷರದಲ್ಲಿತ್ತು, ಕಚೇರಿಯ ಫೈಲುಗಳಲ್ಲಿ ಬರೆಯುವ ದುಂಡನೆಯ ಅಕ್ಷರ. ತಂದ ತಾರೀಖನ್ನು ಅವಳು ಬರೆದಳು. ಕೊನೆಯ ಕಾಲಮ್ಮಿನ ತಲೆಗೆ ಶೈಲಶ್ರೀ ಗೀಟು ಹಾಕಿ ಬರೆದುಕೊಂಡಿದ್ದಳು: 'ಮನಿಯವರ ಪಸಂದ'. ಮೇಲಿನ ಸಾಲುಗಳಲ್ಲಿ ಯಾರೋ ಒಪ್ಪಿಗೆ ಎಂದು ಬರೆದಿದ್ದರು, ಯಾರೋ ವಿಚಾರ ಮಾಡಿ ಹೇಳುತ್ತೇವೆ ಎಂದು, ಒಂದು ಕಡೆ ಬರೀ ಹೆಬ್ಬೆಟ್ಟು. 'ಅದನ್ನ ಬಿಡ್ರಿ ಅಕ್ಕಾರ, ಇರ್ಲಿ' ಎಂದಳು ಶೈಲಶ್ರೀ. ಅರ್ಚನಾ ಪೆನ್ನು ಕೊಡಲಿಲ್ಲ. ಆ ಖಾಲಿ ಜಾಗದಲ್ಲಿ 'ನೋಡಿದೆ' ಎಂದಷ್ಟೇ ಬರೆದು, ಕೆಳಗೆ ತನ್ನ ಹೆಸರು ಹಾಕಿದಳು.